ಲಾಗಿನ್ ಒಬ್ಬರದು, ಕೈ ಇನ್ನೊಬ್ಬರದು

2024ರ ಸೆಪ್ಟೆಂಬರ್ ಕೊನೆಯ ವಾರದಲ್ಲಿ ರಾಜ್ಯದ ಗ್ರಾಮ ಆಡಳಿತ ಅಧಿಕಾರಿಗಳು ಕೆಲಸ ನಿಲ್ಲಿಸಿ ಧರಣಿ ಕೂತರು. 2025ರ ಫೆಬ್ರುವರಿಯಲ್ಲಿ ಮತ್ತೊಮ್ಮೆ ಕೂತರು. ಬೇಡಿಕೆಯ ಪಟ್ಟಿಯಲ್ಲಿ ಮೇಜು, ಕುರ್ಚಿ, ಮೊಬೈಲು, ಲ್ಯಾಪ್‌ಟಾಪು, ಇಂಟರ್‌ನೆಟ್ಟು, ಬಡ್ತಿ ಎಲ್ಲವೂ ಇದ್ದವು. ಹೆಚ್ಚು ಸುದ್ದಿಯಾದದ್ದು ಮಾತ್ರ ಆ್ಯಪ್‌ಗಳ ಸಂಗತಿ. ಒಬ್ಬ ಅಧಿಕಾರಿ 17ಕ್ಕೂ ಹೆಚ್ಚು ಮೊಬೈಲ್ ಮತ್ತು ವೆಬ್ ತಂತ್ರಾಂಶಗಳಲ್ಲಿ ಕೆಲಸ ಮಾಡಬೇಕಾಗಿದೆ ಎಂಬುದು ಅವರ ದೂರು. ಪಹಣಿಗೆ ಆಧಾರ್ ಜೋಡಣೆ ಒಂದು ಕಡೆ, ಸರ್ಕಾರಿ ಜಮೀನು ಕಾಯುವ ಲ್ಯಾಂಡ್ ಬೀಟ್ ಇನ್ನೊಂದು ಕಡೆ, ಬಗರ್‌ಹುಕುಂ ಮತ್ತೊಂದು, ಪೌತಿ ಖಾತೆ ಮಗದೊಂದು. ಇವುಗಳ ಜೊತೆಗೆ ಬೆಳೆ ಸಮೀಕ್ಷೆ, ಮತದಾರರ ಪಟ್ಟಿ.

ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಹಳ್ಳಿಗಳಲ್ಲಿ ಈ ಅಧಿಕಾರಿಯನ್ನು ಹಿರಿಯರು ಇವತ್ತಿಗೂ ತಲಾಠಿ ಎಂದೇ ಕರೆಯುವುದು. ಮುಂಬೈ ಪ್ರಾಂತ್ಯದ ಕಾಲದಿಂದ ಉಳಿದುಬಂದ ಹೆಸರು. ಪಹಣಿಗೆ ಇಲ್ಲಿ ಉತಾರ ಎನ್ನುತ್ತಾರೆ. ಹಿಂದೆ ತಲಾಠಿಯ ಕಂಕುಳಲ್ಲಿ ಒಂದು ದಫ್ತರ ಇರುತ್ತಿತ್ತು. ಅದನ್ನು ಬಿಚ್ಚಿದರೆ ಊರಿನ ಭೂಮಿಯೆಲ್ಲ ಅದರೊಳಗೆ. ಈಗ ಅವರ ಜೇಬಿನಲ್ಲಿ ಒಂದು ಫೋನು, ಅದರೊಳಗೆ ಹದಿನೇಳು ಬಾಗಿಲು, ಒಂದೊಂದು ಬಾಗಿಲಿಗೆ ಒಂದೊಂದು ಯೂಸರ್ ಐಡಿ, ಒಂದೊಂದು ಪಾಸ್‌ವರ್ಡು.

ತಲಾಠಿಯದು ಎದ್ದು ಕಾಣುವ ಉದಾಹರಣೆ ಅಷ್ಟೇ. ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯರನ್ನು ಕೇಳಿ ನೋಡಿ. ಮಕ್ಕಳ ದಾಖಲಾತಿಗೆ ಎಸ್‌ಎಟಿಎಸ್, ಕೇಂದ್ರದ ಲೆಕ್ಕಕ್ಕೆ ಯು-ಡೈಸ್, ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ, ಬಿಸಿಯೂಟದ ಲೆಕ್ಕಕ್ಕೆ ಇನ್ನೊಂದು, ಸಿಬ್ಬಂದಿಯ ಸಂಬಳಕ್ಕೆ ಎಚ್‌ಆರ್‌ಎಂಎಸ್. ಇದರ ಮೇಲೆ 2025ರ ಸೆಪ್ಟೆಂಬರ್ 22ರಿಂದ ಶುರುವಾದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯ ಆ್ಯಪ್. ದಸರಾ ರಜೆಯಲ್ಲಿ ಮನೆಮನೆ ಸುತ್ತಿದ ಶಿಕ್ಷಕರಿಗೆ ಅರವತ್ತು ಪ್ರಶ್ನೆ ಕೇಳುವುದಕ್ಕಿಂತ ಆ್ಯಪ್ ತೆರೆಯುವುದೇ ದೊಡ್ಡ ಕೆಲಸವಾಯಿತು ಎಂದು ರಾಜ್ಯದ ಮೂಲೆಮೂಲೆಯಿಂದ ವರದಿಗಳು ಬಂದವು. ಪಂಚಾಯ್ತಿಗೆ ಹೋದರೆ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ ಸಾಹೇಬರಿಗೆ ಪಂಚತಂತ್ರ, ಇ-ಸ್ವತ್ತು, ಉದ್ಯೋಗ ಖಾತ್ರಿ. ಅಂಗನವಾಡಿ ಅಕ್ಕನಿಗೆ 2021ರಿಂದ ಪೋಷಣ್ ಟ್ರ್ಯಾಕರ್.

ಹೊರಗೆ ಕಟ್ಟೆಯ ಮೇಲೆ ಕಾಯುತ್ತಿರುವವರಿಗೆ ಇದ್ಯಾವುದೂ ಕಾಣುವುದಿಲ್ಲ. ಅವರ ಕಿವಿಗೆ ಬೀಳುವುದು ಒಂದೇ ಮಾತು: “ಸರ್ವರ್ ಇಲ್ರಿ ಯಜಮಾನ್ರ, ನಾಳೆ ಬರ್ರಿ.” ಈ ಸರ್ವರ್ ಎಂಬುದರ ಬೆನ್ನ ಮೇಲೆ ನಾವು ಎಷ್ಟೊಂದು ಭಾರ ಹೇರಿದ್ದೇವೆ! ಪಾಸ್‌ವರ್ಡ್ ಮರೆತರೂ ಸರ್ವರ್ ಇಲ್ಲ. ಮೂರು ಸಲ ತಪ್ಪು ಹೊಡೆದು ಅಕೌಂಟ್ ಲಾಕ್ ಆದರೂ ಸರ್ವರ್ ಇಲ್ಲ. ತೊಂಬತ್ತು ದಿನ ಮುಗಿದು ‘ಹೊಸ ಪಾಸ್‌ವರ್ಡ್ ಇಡಿ’ ಎಂದು ತೆರೆ ಹಟ ಹಿಡಿದರೂ, ಓಟಿಪಿ ಬರಬೇಕಾದ ಮೊಬೈಲು ವರ್ಗವಾಗಿ ಹೋದ ಹಳೆಯ ಸಾಹೇಬರ ಜೇಬಿನಲ್ಲಿದ್ದರೂ ಸರ್ವರ್ ಇಲ್ಲ. ನಿಜವಾಗಿ ಸರ್ವರ್ ಕೆಟ್ಟಿರುವ ದಿನಗಳೂ ಇವೆ. 2025ರ ಜನವರಿ, ಫೆಬ್ರುವರಿಯಲ್ಲಿ ನೋಂದಣಿ ಇಲಾಖೆಯ ಕಾವೇರಿ 2.0 ತಂತ್ರಾಂಶದ ಮೇಲೆ ಯಾರೋ ಯಂತ್ರಗಳ ಮೂಲಕ ಸುಳ್ಳು ಖಾತೆ ತೆರೆದು ಸುಳ್ಳು ಅರ್ಜಿಗಳ ಸುರಿಮಳೆ ಸುರಿಸಿದಾಗ, ರಾಜ್ಯದ ಉಪನೋಂದಣಾಧಿಕಾರಿ ಕಚೇರಿಗಳಲ್ಲಿ ಖರೀದಿ ಪತ್ರದ ಕೆಲಸ ದಿನಗಟ್ಟಲೆ ಕುಂಟಿತು. ಆದರೆ ಅಂಥ ದಿನಗಳು ಕಡಿಮೆ. ಉಳಿದ ದಿನಗಳ “ಸರ್ವರ್ ಇಲ್ಲ” ಎಂಬುದರ ನಿಜವಾದ ಅರ್ಥ “ಲಾಗಿನ್ ಆಗವಲ್ದು”.

ಯಾಕೆ ಆಗುವುದಿಲ್ಲ? ಹೀಗೆ ಕೇಳಿದರೆ ನೌಕರರ ಮರೆವಿನ ಮೇಲೆ ತಪ್ಪು ಹೊರಿಸುವವರೇ ಹೆಚ್ಚು. ನನ್ನ ಪ್ರಕಾರ ತಪ್ಪು ಪಾಸ್‌ವರ್ಡಿಗೆ ನಾವು ವಹಿಸಿದ ಕೆಲಸದಲ್ಲಿದೆ.

ಇದನ್ನು ಬಿಡಿಸಿ ಹೇಳಲು ಕಿತ್ತೂರಿನ ಖಜಾನೆಗಿಂತ ಒಳ್ಳೆಯ ಉದಾಹರಣೆ ಬೇಡ. 1824ರಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರ ಸರ್ಜ ತೀರಿಕೊಂಡ ಮೇಲೆ ಧಾರವಾಡದ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ದೊರೆಯ ದತ್ತಕವನ್ನು ಒಪ್ಪದೆ ಕಿತ್ತೂರಿಗೆ ಬಂದು ಖಜಾನೆಗೆ ಮೊಹರು ಹಾಕಿಸಿ ಕಾವಲಿಟ್ಟ. ಖಜಾನೆಗೆ ಬೀಗ ಅದಕ್ಕೆ ಮೊದಲೂ ಇತ್ತು. ಆದರೂ ಅವನಿಗೆ ಮೊಹರು ಬೇಕಾಯಿತು. ಬೀಗದ ಕೆಲಸ ಹೊರಗಿನವರನ್ನು ತಡೆಯುವುದು. ಮೊಹರಿನ ಕೆಲಸ, ತೆರೆದದ್ದು ಉಂಟೇ, ತೆರೆದವರು ಯಾರು ಎಂಬುದಕ್ಕೆ ಸಾಕ್ಷಿ ಹೇಳುವುದು. ಬೀಗದ ಕೈ ಹತ್ತು ಜನರ ಬಳಿ ಇದ್ದರೂ ನಡೆಯುತ್ತದೆ, ಮೊಹರಿನ ಉಂಗುರ ಒಬ್ಬರ ಬೆರಳಲ್ಲೇ ಇರಬೇಕು. ನಮ್ಮ ಕಚೇರಿಗಳ ಪಾಸ್‌ವರ್ಡ್ ಈ ಎರಡೂ ಕೆಲಸವನ್ನು ಒಟ್ಟಿಗೆ ಮಾಡಬೇಕು. ಹೊರಗಿನ ಕಳ್ಳನನ್ನು ತಡೆಯಬೇಕು, ಒಳಗಿನವರಲ್ಲಿ ಯಾರು ಏನು ಮಾಡಿದರು ಎಂದೂ ಹೇಳಬೇಕು.

ಈ ಎರಡನೆಯ ಕೆಲಸದ ತೂಕವನ್ನು ಕರ್ನಾಟಕ ಬಹಳ ಬೇಗ ಅರಿತಿತ್ತು ಎಂಬುದನ್ನು ಈಗ ಮರೆತಿದ್ದೇವೆ. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ ಕೇಂದ್ರ ಸರ್ಕಾರದ ಮಾಹಿತಿ ತಂತ್ರಜ್ಞಾನ ಸಂಸ್ಥೆ ಎನ್‌ಐಸಿ ಕಟ್ಟಿಕೊಟ್ಟ ‘ಭೂಮಿ’ ಯೋಜನೆ 2001-02ರ ಹೊತ್ತಿಗೆ ತಾಲ್ಲೂಕು ತಾಲ್ಲೂಕಿಗೆ ಬಂತು. ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. ಹದಿನೈದು ರೂಪಾಯಿ ಕೊಟ್ಟರೆ ಉತಾರ ಕೈಗೆ ಸಿಗುವಂತಾಯಿತು. ಜನರ ನೆನಪಿನಲ್ಲಿ ಉಳಿದದ್ದು ಆ ಹದಿನೈದು ರೂಪಾಯಿ. ಒಳಗೆ ನಡೆದ ಇನ್ನೊಂದು ಬದಲಾವಣೆ ಅಷ್ಟೇ ದೊಡ್ಡದು: ಭೂಮಿ ತಂತ್ರಾಂಶದಲ್ಲಿ ಕೆಲಸ ಮಾಡುವ ಸಿಬ್ಬಂದಿ ಬರೀ ಪಾಸ್‌ವರ್ಡ್ ಹೊಡೆದು ಒಳಗೆ ಹೋಗುವಂತಿರಲಿಲ್ಲ, ಬೆರಳಚ್ಚು ಕೊಡಬೇಕಿತ್ತು. ಯಾರ ಬೆರಳು ಯಾವ ಹೊತ್ತಿಗೆ ಯಾವ ದಾಖಲೆ ತಿದ್ದಿತು ಎಂಬುದು ದಾಖಲಾಗುತ್ತಿತ್ತು. “ನನ್ನ ಪಾಸ್‌ವರ್ಡ್ ಯಾರೋ ಕದ್ದು ಮಾಡ್ಯಾರ್ರಿ, ನಾ ಅಲ್ಲ” ಎಂದು ನಾಳೆ ಯಾರೂ ಜಾರಿಕೊಳ್ಳಬಾರದು ಎಂಬ ಲೆಕ್ಕಾಚಾರ ಅದು. ಆಗ ಲ್ಯಾಪ್‌ಟಾಪು ಮುಟ್ಟಿದವರೇ ಅಪರೂಪ. ಅಂಥ ಕಾಲದಲ್ಲಿ ತಾಲ್ಲೂಕು ಕಚೇರಿಗೆ ಬೆರಳಚ್ಚಿನ ಲಾಗಿನ್! ಬಂದ ಅರ್ಜಿಯನ್ನು ಬಂದ ಸರದಿಯಲ್ಲೇ ತೆಗೆಯಬೇಕು ಎಂಬ ಕಟ್ಟನ್ನೂ ತಂತ್ರಾಂಶವೇ ಹಾಕಿತ್ತು.

ಅದಾದ ಮೇಲೆ ಬಂದ ತಂತ್ರಾಂಶಗಳು ಒಂದೊಂದು ಇಲಾಖೆಯ, ಒಂದೊಂದು ಕಂಪನಿಯ ಕೂಸುಗಳು. ಪ್ರತಿಯೊಂದೂ ತಾನೇ ಲೋಕದ ಏಕೈಕ ತಂತ್ರಾಂಶ ಎಂದುಕೊಂಡು ಹುಟ್ಟಿತು. ಪ್ರತಿಯೊಂದೂ ತನ್ನದೇ ಹೆಬ್ಬಾಗಿಲು ಕಟ್ಟಿಕೊಂಡಿತು. ಅವುಗಳ ನಿಯಮವೂ ಒಂದೇ ಅಲ್ಲ. ಒಂದಕ್ಕೆ ಎಂಟು ಅಕ್ಷರ ಸಾಕು, ಇನ್ನೊಂದಕ್ಕೆ ಹನ್ನೆರಡು ಬೇಕು. ಒಂದು ಅಟ್ ಚಿಹ್ನೆ ಬೇಕೇಬೇಕು ಎನ್ನುತ್ತದೆ, ಇನ್ನೊಂದು ಅದನ್ನು ಕಂಡರೆ ಉರಿದುಬೀಳುತ್ತದೆ. ಒಂದು ದೊಡ್ಡ ಅಕ್ಷರ, ಒಂದು ಸಣ್ಣ ಅಕ್ಷರ, ಒಂದು ಅಂಕಿ, ಒಂದು ಚಿಹ್ನೆ ಎಂಬ ಆಜ್ಞೆ ಇಂಗ್ಲಿಷಿನಲ್ಲಿ, ಕೆಂಪು ಬಣ್ಣದಲ್ಲಿ ಮೂಡುತ್ತದೆ. ಕನ್ನಡದಲ್ಲಿ ದೊಡ್ಡ ಅಕ್ಷರ, ಸಣ್ಣ ಅಕ್ಷರ ಎಂಬ ಭೇದವೇ ಇಲ್ಲ. ಕನ್ನಡ ಶಾಲೆಯಲ್ಲಿ ಓದಿ, ಕನ್ನಡದಲ್ಲೇ ವಹಿ ಬರೆದು ಇಪ್ಪತ್ತು ವರ್ಷ ಸೇವೆ ಮಾಡಿದ ಅಂಗನವಾಡಿ ಕಾರ್ಯಕರ್ತೆಗೆ ಶಿಫ್ಟ್ ಕೀಲಿಯ ಮಹಿಮೆ ತಿಳಿಯಲು ಒಂದು ವಾರ ಹಿಡಿದರೆ ಅದು ಅವರ ದಡ್ಡತನವಲ್ಲ.

ಈ ನಿಯಮ ಎಲ್ಲಿಂದ ಬಂತು ಎಂಬುದಕ್ಕೆ ಒಂದು ಕತೆಯಿದೆ. ಕಂಪ್ಯೂಟರಿಗೆ ಪಾಸ್‌ವರ್ಡ್ ಬಂದದ್ದು 1960ರ ದಶಕದ ಆರಂಭದಲ್ಲಿ, ಅಮೆರಿಕದ ಎಂಐಟಿಯಲ್ಲಿ. ಆಗ ಒಂದೇ ಕಂಪ್ಯೂಟರನ್ನು ಹಲವರು ಸಮಯ ಹಂಚಿಕೊಂಡು ಬಳಸಬೇಕಿತ್ತು. ಒಬ್ಬರ ಕಡತ ಇನ್ನೊಬ್ಬರಿಗೆ ಕಾಣಬಾರದೆಂದು ಫರ್ನಾಂಡೊ ಕಾರ್ಬಟೊ ಅವರ ತಂಡ ಪಾಸ್‌ವರ್ಡ್ ತಂದಿತು. 1962ರಲ್ಲೇ ಅಲನ್ ಶೆರ್ ಎಂಬ ಸಂಶೋಧಕ, ತನಗೆ ಕೊಟ್ಟ ವಾರದ ನಾಲ್ಕು ಗಂಟೆ ಸಾಲದೆ, ಪಾಸ್‌ವರ್ಡ್‌ಗಳ ಪಟ್ಟಿಯನ್ನೇ ಪ್ರಿಂಟ್ ತೆಗೆಸಿಕೊಂಡು ಬೇರೆಯವರ ಹೆಸರಲ್ಲಿ ಲಾಗಿನ್ ಆಗಿ ಕೆಲಸ ಮುಗಿಸಿದ. 1966ರಲ್ಲಿ ಅದೇ ವ್ಯವಸ್ಥೆ ಎಡವಿ, ಲಾಗಿನ್ ಆದವರಿಗೆಲ್ಲ ದಿನದ ಸಂದೇಶದ ಜಾಗದಲ್ಲಿ ಎಲ್ಲರ ಪಾಸ್‌ವರ್ಡ್ ತೋರಿಸಿಬಿಟ್ಟಿತು. ಬೇರೆಯವರ ಲಾಗಿನ್ನಿನಲ್ಲಿ ಕೆಲಸ ಮಾಡುವ ಪದ್ಧತಿ ನಮ್ಮ ಪಂಚಾಯ್ತಿಗಳ ಆವಿಷ್ಕಾರವೇನಲ್ಲ. ಪಾಸ್‌ವರ್ಡ್ ಹುಟ್ಟಿದ ಮನೆಯಲ್ಲೇ ಅದೂ ಹುಟ್ಟಿತು.

ಆಮೇಲೆ ಪಾಸ್‌ವರ್ಡನ್ನು ಇದ್ದಂತೆ ಇಡುವ ಬದಲು ಅದರ ಗುರುತು ಮಾತ್ರ ಇಡುವ ವಿಧಾನ ಬಂತು. ನೀವು ಹೊಡೆದ ಅಕ್ಷರಗಳನ್ನು ಗಣಿತದ ಒಂದು ಗಿರಣಿಗೆ ಹಾಕಿ ಪುಡಿ ಮಾಡಿ ಆ ಪುಡಿಯನ್ನಷ್ಟೇ ಇಟ್ಟುಕೊಳ್ಳುತ್ತಾರೆ. ಮುಂದಿನ ಸಲ ನೀವು ಹೊಡೆದದ್ದನ್ನೂ ಅದೇ ಗಿರಣಿಗೆ ಹಾಕಿ ಎರಡು ಪುಡಿ ಒಂದೇ ಆಗಿದೆಯೇ ಎಂದು ನೋಡುತ್ತಾರೆ. ಪುಡಿಯಿಂದ ಕಾಳನ್ನು ಮರಳಿ ಮಾಡಲಾಗದು. “ನನ್ನ ಹಳೆ ಪಾಸ್‌ವರ್ಡ್ ಏನಿತ್ತು ನೋಡಿ ಹೇಳ್ರಿ” ಎಂದು ಜಿಲ್ಲಾ ಕೇಂದ್ರದ ತಾಂತ್ರಿಕ ಸಿಬ್ಬಂದಿಗೆ ಫೋನ್ ಮಾಡಿದರೆ ಅವರು “ಹೇಳಾಕ ಬರಂಗಿಲ್ರಿ, ರೀಸೆಟ್ ಮಾಡ್ತೀನಿ” ಎನ್ನುವುದು ಸೋಮಾರಿತನದಿಂದಲ್ಲ. ಯಾವುದಾದರೂ ವ್ಯವಸ್ಥೆ ನಿಮ್ಮ ಹಳೆಯ ಪಾಸ್‌ವರ್ಡನ್ನು ಇದ್ದಂತೆಯೇ ಮೆಸೇಜ್ ಮಾಡಿ ಕಳಿಸಿದರೆ ಹೆದರಬೇಕಾದದ್ದು ಆಗ.

ಆ ಪುಡಿಯ ಪಟ್ಟಿ ಕಳ್ಳರ ಕೈಗೆ ಸಿಕ್ಕರೆ ಅವರು ನಿಘಂಟಿನ ಪದಗಳನ್ನೆಲ್ಲ ಅದೇ ಗಿರಣಿಗೆ ಹಾಕುತ್ತ ಹೋಗಿ, ಯಾವುದು ಹೊಂದುತ್ತದೆ ಎಂದು ನೋಡುತ್ತಾರೆ. ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರಲ್ಲಿ 3,289 ಪಾಸ್‌ವರ್ಡ್‌ಗಳನ್ನು ಪರೀಕ್ಷಿಸಿದಾಗ ಅವುಗಳಲ್ಲಿ ಸುಮಾರು ಶೇ 86ರಷ್ಟು ಸುಲಭದವು ಎಂದು ಕಂಡುಬಂತು. ಇದಕ್ಕೆ ಮದ್ದಾಗಿ ಬಂದದ್ದೇ ಅಂಕಿ, ಚಿಹ್ನೆ, ದೊಡ್ಡಕ್ಷರದ ಕಟ್ಟಳೆ. 2003ರಲ್ಲಿ ಅಮೆರಿಕದ ಮಾನಕ ಸಂಸ್ಥೆ ನಿಸ್ಟ್‌ಗಾಗಿ ಬಿಲ್ ಬರ್ ಎಂಬ ಅಧಿಕಾರಿ ಬರೆದ ಕೈಪಿಡಿ ಅದನ್ನು ಜಗತ್ತಿಗೆಲ್ಲ ಹಬ್ಬಿಸಿತು. ಆಗಾಗ ಬದಲಾಯಿಸುತ್ತಿರಬೇಕು ಎಂಬುದೂ ಅದರ ಜೊತೆ ಬಂತು. 2017ರಲ್ಲಿ, ನಿವೃತ್ತಿಯಾದ ಮೇಲೆ, ತಾನು ಬರೆದದ್ದರಲ್ಲಿ ಬಹುಪಾಲಿನ ಬಗ್ಗೆ ಈಗ ಪಶ್ಚಾತ್ತಾಪವಿದೆ ಎಂದು ಬರ್ ಅವರೇ ಪತ್ರಿಕೆಯೊಂದಕ್ಕೆ ಹೇಳಿದರು.

ಅವರ ಪಶ್ಚಾತ್ತಾಪದ ಕಾರಣ ತಿಳಿಯಲು ದೂರ ಹೋಗಬೇಕಿಲ್ಲ. ಈ ನಾಡಿನಲ್ಲಿ ಒಂದು ದೊಡ್ಡಕ್ಷರ, ಒಂದು ಚಿಹ್ನೆ, ನಾಲ್ಕು ಅಂಕಿ ಕೇಳಿದರೆ ಜನರ ಬೆರಳು ಎಲ್ಲಿಗೆ ಹೋಗುತ್ತದೆ? Kittur@1824 ಎಂಬಲ್ಲಿಗೆ. ನಾನು ಯಾರ ತೆರೆಯನ್ನೂ ಇಣುಕಿ ನೋಡಿಲ್ಲ, ನೋಡುವ ಅಗತ್ಯವೂ ಇಲ್ಲ. ಯಂತ್ರದ ಕಣ್ಣಿಗೆ ಇದು ಗಟ್ಟಿ ಪಾಸ್‌ವರ್ಡು: ದೊಡ್ಡಕ್ಷರ ಇದೆ, ಚಿಹ್ನೆ ಇದೆ, ಅಂಕಿ ಇದೆ, ಹಸಿರು ಗೆರೆ ಬಂತು. ಬೈಲಹೊಂಗಲದ ಆರನೆಯ ಇಯತ್ತೆಯ ಹುಡುಗ ಇದನ್ನು ಎರಡನೇ ಪ್ರಯತ್ನದಲ್ಲಿ ಊಹಿಸಿಯಾನು. ಇನ್ನು ತೊಂಬತ್ತು ದಿನಕ್ಕೊಮ್ಮೆ ಬದಲಾಯಿಸು ಎಂದಾಗ? 1824 ಹೋಗಿ 1825 ಬರುತ್ತದೆ. ಮೂರು ತಿಂಗಳಿಗೊಮ್ಮೆ ಇತಿಹಾಸ ಒಂದು ವರ್ಷ ಮುಂದೆ ಸರಿಯುತ್ತದೆ. ಐದು ಸಲ ಬದಲಾಯಿಸುವ ಹೊತ್ತಿಗೆ ಕಿತ್ತೂರಿನ ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡಿರುತ್ತಾಳೆ, ಏಳನೆಯ ಸಲಕ್ಕೆ ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನಿಗೆ ಗಲ್ಲು. ತಮಾಷೆ ಎನಿಸಿದರೂ ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದವರು 2010ರಲ್ಲಿ ಇದನ್ನೇ ಅಳೆದು ನೋಡಿದರು. ಹಳೆಯ ಪಾಸ್‌ವರ್ಡ್ ಗೊತ್ತಿದ್ದರೆ ಶೇ 17ರಷ್ಟು ಖಾತೆಗಳ ಹೊಸ ಪಾಸ್‌ವರ್ಡನ್ನು ಐದು ಊಹೆಯೊಳಗೆ ಹಿಡಿಯಬಹುದಿತ್ತು.

ನಿಸ್ಟ್ ತನ್ನ ದಾರಿ ತಿದ್ದಿಕೊಂಡು ವರ್ಷಗಳಾದವು. ಕಾರಣವಿಲ್ಲದೆ ಅವಧಿಗೊಮ್ಮೆ ಬದಲಾಯಿಸಲು ಒತ್ತಾಯಿಸಬೇಡಿ, ಚಿಹ್ನೆ-ದೊಡ್ಡಕ್ಷರದ ಕಟ್ಟಳೆ ಬೇಡ, ಉದ್ದವೇ ಮುಖ್ಯ ಎಂದು 2017ರಲ್ಲಿ ಸಲಹೆಯ ಧಾಟಿಯಲ್ಲಿ ಹೇಳಿದ್ದನ್ನು 2025ರ ಪರಿಷ್ಕರಣೆಯಲ್ಲಿ ನಿಷೇಧದ ಧಾಟಿಯಲ್ಲೇ ಹೇಳಿದೆ. ಬ್ರಿಟನ್ನಿನ ಸೈಬರ್ ಭದ್ರತಾ ಕೇಂದ್ರವೂ ಇದನ್ನೇ ಹೇಳುತ್ತದೆ. ಆದರೆ ನಮ್ಮ ಅನೇಕ ಪೋರ್ಟಲ್‌ಗಳಲ್ಲಿ 2003ರ ಕೈಪಿಡಿಯೇ ಇನ್ನೂ ರಾಜ್ಯಭಾರ ಮಾಡುತ್ತಿದೆ. ಟೆಂಡರ್ ದಾಖಲೆಯಲ್ಲಿ ಯಾರೋ ಒಮ್ಮೆ ಬರೆದ ಸಾಲು, ಮುಂದಿನ ಟೆಂಡರ್‌ಗೆ ನಕಲಾಗಿ, ಅದರಿಂದ ಮುಂದಿನದಕ್ಕೆ ನಕಲಾಗಿ ಉಳಿದುಕೊಂಡಿದೆ ಎಂಬುದು ನನ್ನ ಗುಮಾನಿ.

ಇಲ್ಲಿಯವರೆಗಿನದು ಬೀಗದ ಮಾತು. ಮೊಹರಿನ ಗತಿ ಇದಕ್ಕಿಂತ ಕೆಟ್ಟದು.

ಪಂಚಾಯ್ತಿಯ ಕೆಲಸ ನಡೆಯುವ ರೀತಿ ನೋಡಿ. ಇ-ಸ್ವತ್ತಿನ ನಮೂನೆ 9, ನಮೂನೆ 11 ಹೊರಬೀಳಬೇಕಾದರೆ ಪಿಡಿಒ ಅವರ ಡಿಜಿಟಲ್ ಸಹಿ ಬೇಕು. ಆ ಸಹಿ ಇರುವುದು ಪೆನ್‌ಡ್ರೈವ್‌ನಂಥ ಒಂದು ಡಾಂಗಲ್‌ನಲ್ಲಿ. ಪಿಡಿಒಗೆ ಎಷ್ಟೋ ಕಡೆ ಎರಡು ಪಂಚಾಯ್ತಿಯ ಪ್ರಭಾರ. ಇವತ್ತು ತಾಲ್ಲೂಕಿನಲ್ಲಿ ಮೀಟಿಂಗು, ನಾಳೆ ಕಾಮಗಾರಿ ತಪಾಸಣೆ, ನಾಡಿದ್ದು ಇನ್ನೊಂದು ಊರಿನ ಗ್ರಾಮಸಭೆ. ಇತ್ತ ಮಗಳ ಮದುವೆಗೆ ಸಾಲ ತೆಗೆಯಲು ಮನೆಯ ಉತಾರ ಬೇಕಾದವರು ಕಟ್ಟೆಯ ಮೇಲೆ ಕೂತಿದ್ದಾರೆ. ಡಾಂಗಲ್ ಡಾಟಾ ಎಂಟ್ರಿ ಆಪರೇಟರ್‌ನ ಡ್ರಾದಲ್ಲಿ ಉಳಿಯುತ್ತದೆ. ಪಿನ್ ಅವನಿಗೆ ಬಾಯಿಪಾಠ. ಕೆಲಸ ಆಗುತ್ತದೆ, ಜನ ಖುಷಿಯಿಂದ ಮನೆಗೆ ಹೋಗುತ್ತಾರೆ. ನೂರರಲ್ಲಿ ತೊಂಬತ್ತೊಂಬತ್ತು ಸಲ ಇದರಿಂದ ಯಾರಿಗೂ ಕೇಡಿಲ್ಲ. ಇಂಥ ಹೊಂದಾಣಿಕೆ ಇಲ್ಲದಿದ್ದರೆ ಹಳ್ಳಿಯ ಅರ್ಧ ಕೆಲಸ ನಿಂತೇ ಹೋಗುತ್ತದೆ ಎಂಬುದು ಮೇಲಿನವರಿಗೂ ಗೊತ್ತು, ಕೆಳಗಿನವರಿಗೂ ಗೊತ್ತು. ಬಾಯಿಬಿಟ್ಟು ಮಾತ್ರ ಯಾರೂ ಹೇಳುವುದಿಲ್ಲ.

ನೂರನೆಯ ಸಲ ಏನಾದರೂ ಆದರೆ? ಗಣಕ ತೋರಿಸುವುದು ಪಿಡಿಒ ಹೆಸರನ್ನು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಪ್ರಕಾರ ಬೇರೆಯವರ ಪಾಸ್‌ವರ್ಡ್ ಅಥವಾ ಡಿಜಿಟಲ್ ಸಹಿಯನ್ನು ಮೋಸದಿಂದ ಬಳಸಿದವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಇದೆ. ಆದರೆ “ಬಳಸು” ಎಂದು ತಾವೇ ಕೊಟ್ಟವರ ಪಾಡು? ಇಲಾಖಾ ವಿಚಾರಣೆಯಲ್ಲಿ “ನಾನು ಕೊಟ್ಟಿದ್ದೆ” ಎಂದರೆ ಕರ್ತವ್ಯಲೋಪ, “ನಾನು ಕೊಟ್ಟಿರಲಿಲ್ಲ” ಎಂದರೆ ತಾವೇ ಮಾಡಿದಂತೆ. ಲಾಗಿನ್ ಒಬ್ಬರದು, ಕೈ ಇನ್ನೊಬ್ಬರದು ಆದಾಗ ಮೊಹರು ಸುಳ್ಳು ಸಾಕ್ಷಿ ಹೇಳುತ್ತದೆ.

ಇದು ಕಾಗದದ ಮೇಲಿನ ಚರ್ಚೆಯಾಗಿ ಉಳಿಯುವುದಿಲ್ಲ. 2019ರ ಆಗಸ್ಟ್‌ನಲ್ಲಿ ನವಿಲುತೀರ್ಥದ ಅಣೆಕಟ್ಟೆ ತುಂಬಿ ಮಲಪ್ರಭೆ ಉಕ್ಕಿದಾಗ ಮುನವಳ್ಳಿ, ರಾಮದುರ್ಗದ ಕಡೆ ಮನೆಗಳು ಕುಸಿದದ್ದು ನೆನಪಿರಬಹುದು. ಬಿದ್ದ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ ರಾಜೀವ್ ಗಾಂಧಿ ವಸತಿ ನಿಗಮದ ತಂತ್ರಾಂಶಕ್ಕೆ ಸೇರಿಸಲಾಯಿತು. ಪೂರ್ತಿ ಬಿದ್ದ ಎ ವರ್ಗಕ್ಕೆ 5 ಲಕ್ಷ, ಅಲ್ಪಸ್ವಲ್ಪ ಹಾನಿಯ ಸಿ ವರ್ಗಕ್ಕೆ 50 ಸಾವಿರ. ತೆರೆಯ ಮೇಲೆ ಒಂದು ಅಕ್ಷರ ಆಚೀಚೆಯಾದರೆ ಒಂದು ಕುಟುಂಬಕ್ಕೆ ನಾಲ್ಕೂವರೆ ಲಕ್ಷ ರೂಪಾಯಿ ಆಚೀಚೆ. ಹೆಸರು ಬಿಟ್ಟುಹೋಗಿದೆ, ವರ್ಗ ಬದಲಾಗಿದೆ ಎಂಬ ದೂರುಗಳು ವರ್ಷಗಟ್ಟಲೆ ನಡೆದವು. “ತಂತ್ರಾಂಶ ಬಂದಾಗೈತಿ, ಈಗೇನೂ ಮಾಡಾಕ ಬರಂಗಿಲ್ಲ” ಎಂಬುದು ಎಲ್ಲ ಕಚೇರಿಗಳಲ್ಲೂ ಸಿದ್ಧ ಉತ್ತರವಾಯಿತು. ಆ ಅಕ್ಷರವನ್ನು ಒತ್ತಿದ ಬೆರಳು ಯಾರದು ಎಂದು ಖಚಿತವಾಗಿ ತಿಳಿಯುವುದು ನೌಕರನಿಗೂ ಬೇಕು, ಮನೆ ಕಳೆದುಕೊಂಡವನಿಗೂ ಬೇಕು.

ಹಾಗಾದರೆ ಭೂಮಿಯಂತೆ ಎಲ್ಲದಕ್ಕೂ ಬೆರಳಚ್ಚು ಇಟ್ಟರಾಯಿತಲ್ಲ ಎನ್ನುವವರಿದ್ದಾರೆ. ನ್ಯಾಯಬೆಲೆ ಅಂಗಡಿಯ ಮುಂದೆ ಒಂದು ಮುಂಜಾನೆ ನಿಂತರೆ ಆ ಉತ್ಸಾಹ ಇಳಿಯುತ್ತದೆ. ಹತ್ತಿ ಬಿಡಿಸಿ, ಕಬ್ಬು ಕಡಿದು, ರಾಮದುರ್ಗದ ಮಗ್ಗದಲ್ಲಿ ನೂಲು ಎಳೆದು ಸವೆದ ಬೆರಳು ಯಂತ್ರಕ್ಕೆ ಹತ್ತುವುದಿಲ್ಲ. “ಬೆಳ್ಳ ಹತ್ತವಲ್ದು” ಎಂದು ಅಂಗಡಿಯವನು ಒರೆಸು, ತೊಳಿ, ಇನ್ನೊಂದು ಬೆಳ್ಳ ಇಡು ಎನ್ನುತ್ತಾನೆ. ಕಚೇರಿಯ ನಾಲ್ಕು ಜನ ನೌಕರರಿಗೆ ಹೊಂದಿದ ಉಪಾಯ ಇಡೀ ಊರಿಗೆ ಹೊಂದುವುದಿಲ್ಲ. ಇನ್ನೊಂದು ತೊಡಕೂ ಇದೆ. ಪಾಸ್‌ವರ್ಡ್ ಕಳುವಾದರೆ ಬದಲಾಯಿಸಬಹುದು, ಬೆರಳನ್ನು ಬದಲಾಯಿಸಲು ಬರುವುದಿಲ್ಲ.

ಬೆರಳು ಹತ್ತದಿದ್ದರೆ ಓಟಿಪಿ. ಇಲ್ಲಿ ಸರ್ಕಾರವೇ ತನ್ನ ಮಾತನ್ನು ತಾನೇ ಕಡಿಯುತ್ತದೆ. ಓಟಿಪಿಯನ್ನು ಯಾರಿಗೂ ಹೇಳಬೇಡಿ ಎಂದು ರಿಸರ್ವ್ ಬ್ಯಾಂಕು ಜಾಹೀರಾತು ಕೊಡುತ್ತದೆ, 2025ರಲ್ಲಿ ಕೆಲಕಾಲ ಫೋನ್ ಹಚ್ಚಿದರೂ ರಿಂಗಿನ ಬದಲು ಅದೇ ಎಚ್ಚರಿಕೆ ಕೇಳುತ್ತಿತ್ತು. ಆ ಎಚ್ಚರಿಕೆ ಕೇಳಿದ ಮನುಷ್ಯನೇ ಸೇವಾ ಕೇಂದ್ರದ ಕಿಟಕಿಯಲ್ಲಿ ನಿಂತು, ಪುಣೆಗೆ ದುಡಿಯಲು ಹೋದ ಮಗನಿಗೆ ಫೋನ್ ಹಚ್ಚಿ, “ಓಟಿಪಿ ಬಂದೈತೇನೋ ತಮ್ಮಾ, ಲಗೂನ ಹೇಳು” ಎಂದು ಕೂಗಿ ಕೇಳಬೇಕು; ಕೇಳಿದ್ದನ್ನು ಆಪರೇಟರ್‌ಗೆ, ಸರದಿಯಲ್ಲಿ ನಿಂತ ಇಪ್ಪತ್ತು ಜನರಿಗೆ ಕೇಳುವಂತೆ ಹೇಳಬೇಕು. ಪೋಷಣ್ ಟ್ರ್ಯಾಕರ್‌ಗಾಗಿ ಅಂಗನವಾಡಿ ಕಾರ್ಯಕರ್ತೆ ಗರ್ಭಿಣಿಯ ಮನೆಗೆ ಹೋಗಿ ಓಟಿಪಿ ಕೇಳಿದರೆ, ರೊಕ್ಕ ಹೋದೀತೆಂದು ಗಂಡ ಫೋನ್ ಕೊಡುವುದಿಲ್ಲ. ಅವನ ಹೆದರಿಕೆ ಸರಿಯಾಗಿಯೇ ಇದೆ. ಎಚ್ಚರದಿಂದ ಇರು ಎಂದು ಕಲಿಸಿದವರೇ ಎಚ್ಚರ ತಪ್ಪು ಎಂದು ಕೇಳಿದರೆ ಬೈಸಿಕೊಳ್ಳುವುದು ಆ ಅಕ್ಕ.

ಕ್ಯಾಪ್ಚಾದ ಬಗ್ಗೆ ಒಂದೇ ಮಾತು. ಸೊಟ್ಟ ಅಕ್ಷರ ಗುರುತಿಸಿ ಮನುಷ್ಯ ಎಂದು ಸಾಬೀತು ಮಾಡಿ ಎನ್ನುವ ಆ ಪೆಟ್ಟಿಗೆಯನ್ನು ಈಗ ಯಂತ್ರಗಳು ಮನುಷ್ಯರಿಗಿಂತ ಬೇಗ, ಮನುಷ್ಯರಿಗಿಂತ ಸರಿಯಾಗಿ ಬಿಡಿಸುತ್ತವೆ ಎಂದು ಕ್ಯಾಲಿಫೋರ್ನಿಯಾದ ಸಂಶೋಧಕರು 2023ರಲ್ಲಿ ತೋರಿಸಿದ್ದಾರೆ. ಉಳಿದದ್ದು ನಮ್ಮ ಕಣ್ಣಿಗೆ ಶಿಕ್ಷೆ.

ಸರಿಪಡಿಸುವುದು ಕಷ್ಟವೇ? ಒಂದು ಪಾಲು ಸುಲಭ, ಒಂದು ಪಾಲು ಕಷ್ಟ. ತೊಂಬತ್ತು ದಿನದ ನಿಯಮ ತೆಗೆಯಲು ಒಂದು ಸುತ್ತೋಲೆ ಸಾಕು. ಹದಿನೇಳು ಬಾಗಿಲ ಬದಲು ಒಂದೇ ಬಾಗಿಲು ಮಾಡುವುದೂ ಹೊಸ ಸಂಶೋಧನೆಯೇನಲ್ಲ. ಕೇಂದ್ರದ ಎನ್‌ಐಸಿಯೇ ‘ಪರಿಚಯ್’ ಎಂಬ ಏಕ ಲಾಗಿನ್ ವ್ಯವಸ್ಥೆ ಕಟ್ಟಿದೆ. ಒಮ್ಮೆ ಒಳಗೆ ಬಂದವರು ಹಲವು ಸೇವೆಗಳಿಗೆ ಅದೇ ಗುರುತಿನಿಂದ ಹೋಗಬಹುದು. ಕಷ್ಟದ್ದು ಆಪರೇಟರ್‌ಗೆ ಅವನದೇ ಐಡಿ ಕೊಡುವುದು. ಅವನು ಹೊರಗುತ್ತಿಗೆಯವನು, ಖಾಯಂ ನೌಕರನಲ್ಲ ಎಂಬ ಕಾರಣಕ್ಕೆ ಅವನಿಗೆ ಪ್ರತ್ಯೇಕ ಗುರುತು ಕೊಡಲು ಇಲಾಖೆಗಳು ಹಿಂಜರಿಯುತ್ತವೆ. ಅವನು ಕೆಲಸ ಮಾಡುತ್ತಿರುವುದು ನಿಜ, ಯಾರದೋ ಹೆಸರಿನಲ್ಲಿ ಮಾಡುತ್ತಿರುವುದೂ ನಿಜ. ಅವನ ಹೆಸರಿನಲ್ಲೇ, ಇಷ್ಟು ಮಾತ್ರ ಮಾಡು ಎಂಬ ಮಿತಿಯಲ್ಲಿ, ಅವನಿಗೆ ಐಡಿ ಕೊಟ್ಟರೆ ಅವನು ನಮೂದಿಸಿದ್ದು ಅವನ ಲೆಕ್ಕಕ್ಕೆ, ಪಿಡಿಒ ಒಪ್ಪಿದ್ದು ಪಿಡಿಒ ಲೆಕ್ಕಕ್ಕೆ ಬರುತ್ತದೆ. ಹಾಗೆ ಕೊಟ್ಟರೆ ಹೊರಗುತ್ತಿಗೆಯವನ ದುಡಿಮೆ ದಾಖಲೆಯಲ್ಲಿ ಕಾಣುತ್ತದೆ, ಕಂಡರೆ ನಾಳೆ ಅವನು ಖಾಯಂ ಮಾಡಿ ಎಂದು ಕೇಳಿಯಾನು. ಹಿಂಜರಿಕೆಯ ಬೇರು ಅಲ್ಲಿಯೂ ಇರಬಹುದು.

ಅದೆಲ್ಲ ಆಗುವವರೆಗೆ ಮೇಜಿನ ಮುಂದೆ ಕೂತವರು ಏನು ಮಾಡಬೇಕು? ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆಯುವುದು ಮಹಾಪಾಪವಲ್ಲ. ಭದ್ರತಾ ತಜ್ಞ ಬ್ರೂಸ್ ಶ್ನಾಯರ್ 2005ರಲ್ಲೇ ಹೇಳಿದಂತೆ, ಗಟ್ಟಿಯಾದದ್ದನ್ನು ಇಟ್ಟು ಬರೆದು ಪಾಕೀಟಿನಲ್ಲಿ ಇಟ್ಟುಕೊಳ್ಳಿ. ರೊಕ್ಕ ಕಾಯುವ ಕೈ ಆ ಚೀಟಿಯನ್ನೂ ಕಾಯುತ್ತದೆ. ಮಾನಿಟರಿನ ಅಂಚಿಗೆ ಅಂಟಿಸುವುದು ಬೇಡ. ಬರೆಯುವುದು ಬೇಡವೆಂದಾದರೆ ಒಂದಕ್ಕೊಂದು ಸಂಬಂಧವಿಲ್ಲದ ಮೂರು ನಾಲ್ಕು ಪದ ಜೋಡಿಸಿ. ಹತ್ತು ಸಾವಿರ ಪದಗಳಿಂದ ಕಣ್ಣುಮುಚ್ಚಿ ಮೂರನ್ನು ಎತ್ತಿಕೊಂಡರೂ ಒಂದು ಲಕ್ಷ ಕೋಟಿ ಜೋಡಣೆಗಳಾಗುತ್ತವೆ. ಐದು ಸಲ ತಪ್ಪಿದರೆ ಲಾಕ್ ಆಗುವ ಬಾಗಿಲಿನ ಮುಂದೆ ಯಾವ ಕಳ್ಳನಿಗೂ ಅಷ್ಟು ತಾಳ್ಮೆಯಿಲ್ಲ. ಚಕ್ಕಡಿ, ಇಸ್ತ್ರಿ, ಪೇರಲ ಎಂಬಂಥವು ಸಾಕು. ಚೆನ್ನಮ್ಮ, ರಾಯಣ್ಣ, ಯಲ್ಲಮ್ಮ ಎಂಬಂಥವು ಬೇಡ; ಅವು ಎಲ್ಲರ ಬಾಯಲ್ಲೂ ಇವೆ.

ಕನ್ನಡ ಲಿಪಿಯಲ್ಲೇ ಹೊಡೆದರೆ ಇನ್ನೂ ಗಟ್ಟಿಯಲ್ಲವೇ ಎಂದು ಕೆಲವರು ಕೇಳುತ್ತಾರೆ. ತತ್ತ್ವದಲ್ಲಿ ಹೌದು, ರೂಢಿಯಲ್ಲಿ ತೊಂದರೆ. ‘ಕೊ’ ಎಂಬ ಅಕ್ಷರವನ್ನು ಕಂಪ್ಯೂಟರು ಎರಡು ಬಗೆಯಲ್ಲಿ ಇಟ್ಟುಕೊಳ್ಳಬಹುದು: ಒತ್ವವನ್ನು ಒಂದೇ ಸಂಕೇತವಾಗಿ, ಇಲ್ಲವೇ ಎತ್ವ ಮತ್ತು ದೀರ್ಘ ಕೊಂಬು ಸೇರಿದ ಎರಡು ಸಂಕೇತಗಳಾಗಿ. ಕಣ್ಣಿಗೆ ಎರಡೂ ಒಂದೇ, ಗಿರಣಿಯಿಂದ ಬರುವ ಪುಡಿ ಮಾತ್ರ ಬೇರೆ ಬೇರೆ. ಕಚೇರಿಯ ಕಂಪ್ಯೂಟರಿನಲ್ಲಿ ಇಟ್ಟ ಪಾಸ್‌ವರ್ಡು ಮೊಬೈಲಿನಲ್ಲಿ ಹತ್ತದೇ ಹೋದೀತು. ಒಳಗೆ ತೆಗೆದುಕೊಳ್ಳುವ ಮುನ್ನ ಎರಡನ್ನೂ ಒಂದೇ ರೂಪಕ್ಕೆ ತರುವುದು ತಂತ್ರಾಂಶ ಬರೆಯುವವರ ಕೆಲಸ. ಅವರು ಮಾಡಿದ್ದಾರೆಂದು ಖಾತ್ರಿಯಾಗುವವರೆಗೆ ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯುವುದೇ ಮೇಲು. ಹಾಗೆ ಹೊಡೆಯುವಾಗ ಎರಡು ಬಗೆಯ ಸ್ಪೆಲ್ಲಿಂಗ್ ಇರುವ ಪದ ಆರಿಸಬೇಡಿ. ಬಸ್ಸಿನ ಮೇಲೆ ಒಂದು ರೀತಿ, ನಕಾಶೆಯಲ್ಲಿ ಇನ್ನೊಂದು ರೀತಿ ಹೆಸರಿರುವ ಸವದತ್ತಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.